ಗೋಕರ್ಣದ ಕಾಲುದಾರಿ ಕಾಲಿಗೇ ಇರಲಿ!

ಗೋಕರ್ಣದಲ್ಲಿ ಬಸ್ಸಿಳಿದ ಭಕ್ತರ ದಾರಿ ಎಲ್ಲರಿಗೂ ಗೊತ್ತಿದ್ದದ್ದೇ. ಸಮುದ್ರಸ್ನಾನ, ಕೋಟಿತೀರ್ಥ, ಗಣಪತಿಗೆ ಒಂದು ಕೈಮುಗಿತ, ಮಹಾಬಲೇಶ್ವರನ ದರ್ಶನ, ರಥಬೀದಿಯಲ್ಲಿ ಊಟ, ಮತ್ತೆ ಬಸ್ಸು. ಆದರೆ ಬೆಂಗಳೂರು ಬಸ್ಸಿನಿಂದ ಬೆನ್ನಿಗೆ ಗಂಟು ಕಟ್ಟಿಕೊಂಡು ಇಳಿಯುವ ಹುಡುಗ ಹುಡುಗಿಯರು ಕೇಳೋ ದಾರಿಯೇ ಬೇರೆ. ಕುಡ್ಲೆಗೆ ಹ್ಯಾಗೆ ಹೋಗೋದು? ಓಂ ಬೀಚು ಎಷ್ಟು ದೂರ ಮಾರಾಯ್ರೇ?

ಆಟೋದವರು ಒಂದು ಉತ್ತರ ಹೇಳುತ್ತಾರೆ. ಊರಿನ ಹಳಬರದ್ದು ಇನ್ನೊಂದು ಉತ್ತರ: ನಡೀರಿ, ಕಾಲಿದೆಯಲ್ಲ!

ಈ ಎರಡನೆಯ ಉತ್ತರದ ದಾರಿಯ ವಿಚಾರ ಇಲ್ಲಿ.

ಊರ ಎದುರಿನ ಉದ್ದನೆಯ ಮರಳದಂಡೆ ತೆಂಕು ತುದಿಯಲ್ಲಿ ಗುಡ್ಡಕ್ಕೆ ತಾಗುತ್ತದೆ. ಅಲ್ಲಿ ರಾಮತೀರ್ಥ. ಉಪ್ಪುನೀರಿನ ಮಗ್ಗುಲಲ್ಲೇ ಸಿಹಿನೀರು! ಹೊರಗಿನವರಿಗೆ ಇದೊಂದು ಸೋಜಿಗ. ಕರಾವಳಿಯವರಿಗೆ ಅಷ್ಟಿಲ್ಲ; ಜಂಬಿಟ್ಟಿಗೆ ಗುಡ್ಡ ಮಳೆಗಾಲವಿಡೀ ನೀರು ಕುಡಿದು ಬುಡದಲ್ಲಿ ಒಸರುವುದನ್ನು ನಮ್ಮ ಬಾವಿ ತೋಡುವವರನ್ನು ಕೇಳಿದರೂ ಹೇಳಿಯಾರು. ಅಲ್ಲಿಂದ ಗುಡ್ಡ ಹತ್ತಿ, ಮೇಲಿನ ಬಯಲು ದಾಟಿ ಇಳಿದರೆ ಕುಡ್ಲೆ. ಕುಡ್ಲೆಯ ಮರಳು ಮುಗಿದಲ್ಲಿ ಮತ್ತೆ ಹತ್ತು, ಮತ್ತೆ ಇಳಿ: ಓಂ. ಎರಡು ಅರ್ಧವೃತ್ತ, ನಡುವೆ ಸಮುದ್ರಕ್ಕೆ ಮೂಗು ಚಾಚಿದ ಬಂಡೆ. ಮೇಲಿಂದ ನೋಡಿದರೆ ಓಂಕಾರವೇ ಸರಿ. ಮುಂದೆ ದಾರಿ ಕಿರಿದಾಗುತ್ತದೆ. ಒಂದು ಕಡೆ ಕುರುಚಲು, ಇನ್ನೊಂದು ಕಡೆ ಕೆಳಗೆ ಮೊರೆಯುವ ಕಡಲು. ಹಾಫ್ ಮೂನ್ ದಾಟಿ, ಬಂಡೆಗಳ ಮೇಲೆ ಕೈಕಾಲು ಊರಿಕೊಂಡು ಹೋದರೆ ಪ್ಯಾರಡೈಸ್. ಅದರಾಚೆ ಬೇಲೆಕಾನ, ತದಡಿ, ಅಘನಾಶಿನಿಯ ಅಳಿವೆ. ಊರಿಂದ ಪ್ಯಾರಡೈಸಿಗೆ ಸಾವಕಾಶ ನಡೆದರೆ ಎರಡು, ಎರಡೂವರೆ ಗಂಟೆ. ಫೋಟೋ ತೆಗೀತಾ ಹೋಗೋರ ಲೆಕ್ಕ ಬೇರೆ.

ಇಂಗ್ಲಿಷ್ ಹೆಸರು ನೋಡಿ ಇದೆಲ್ಲ ನಿನ್ನೆ ಮೊನ್ನೆಯದು ಅಂದುಕೊಳ್ಳಬೇಡಿ. ಕಾಳಿದಾಸನ ರಘುವಂಶದ 8ನೆಯ ಸರ್ಗದಲ್ಲಿ ನಾರದರು ವೀಣೆ ಹಿಡಿದು ಹೊರಟದ್ದು ದಕ್ಷಿಣ ಸಮುದ್ರದ ದಂಡೆಯ ಗೋಕರ್ಣೇಶ್ವರನ ಸೇವೆಗೇ. ಅವರದ್ದು ಆಕಾಶಮಾರ್ಗ, ಕಾಲುದಾರಿಯ ಹಂಗಿಲ್ಲ ಬಿಡಿ! ನೆಲದ ಮೇಲೆ ಬಂದವರಿಗೆ ಮಾತ್ರ ಗುಡ್ಡ ಹತ್ತದೆ ಗತಿಯಿರಲಿಲ್ಲ. ಆ ಕಡೆ ಗಂಗಾವಳಿ, ಈ ಕಡೆ ಅಘನಾಶಿನಿ, ನಡುವೆ ಗುಡ್ಡ. ತೀರ್ಥಕ್ಕೆ ಬಂದವರು, ಬಲೆ ಹೊತ್ತವರು, ಸೌದೆಗೆ ಹೋದವರು ತುಳಿದು ತುಳಿದು ಆದ ದಾರಿ ಇದು. ಇಂಜಿನಿಯರ ನಕ್ಷೆ ಬರೆದು ಆದದ್ದಲ್ಲ.

ಗೋವಾದಲ್ಲಿ ಜನಜಂಗುಳಿ ಹೆಚ್ಚಾದ ಮೇಲೆ ಬಿಳಿ ಪ್ರವಾಸಿಗರು ಇತ್ತ ತಿರುಗಿದರು. ಏಕಾಂತ ಹುಡುಕಿ ಬಂದವರಿಗೆ ಈ ಕಾಲುದಾರಿಯೇ ಸಾಕಿತ್ತು. 1998ರಲ್ಲಿ ಕೊಂಕಣ ರೈಲು ಪೂರ್ತಿ ಓಡತೊಡಗಿತು, ಗೋಕರ್ಣ ರೋಡ್ ಅಂತ ಒಂದು ಸ್ಟೇಷನ್ನೂ ಆಯ್ತು. ಆಮೇಲೆ ಬಂದದ್ದು ನಮ್ಮವರೇ. ಶನಿವಾರ ಭಾನುವಾರ ಬಂತೆಂದರೆ ಕಾರುಗಳ ಸಾಲು.

ಒಂದು ಕಾಲಕ್ಕೆ ಓಂಗೂ ಕಾಲ್ನಡಿಗೆಯೇ. ಈಗ ಗುಡ್ಡದ ಮೇಲಿನವರೆಗೆ ಡಾಂಬರು ರಸ್ತೆ. ಅಲ್ಲಿ ಕಾರು ನಿಲ್ಲಿಸಿ ಮೆಟ್ಟಿಲಿಳಿದರೆ ಮರಳು. ಮುದುಕರಿಗೆ, ಮಕ್ಕಳೊಂದಿಗರಿಗೆ ಅನುಕೂಲವಾದ್ದು ನಿಜ, ಇಲ್ಲವೆನ್ನಲಾಗದು. ಆದರೆ ರಸ್ತೆ ಹೋದಲ್ಲಿಗೆ ಜೊತೆಗೇ ಪಾರ್ಕಿಂಗ್, ಹಾರ್ನು, ಪ್ಲಾಸ್ಟಿಕ್ ಬಾಟ್ಲಿ ಹೋಗುತ್ತವೆ. ಓಂ ಮತ್ತು ಹಾಫ್ ಮೂನ್ ನಡುವೆ ಅರ್ಧ ಗಂಟೆಯ ನಡಿಗೆ ಅಷ್ಟೇ. ಎರಡನ್ನೂ ನೋಡಿದವರಿಗೆ ವ್ಯತ್ಯಾಸ ಯಾರೂ ಹೇಳಿಕೊಡಬೇಕಾಗಿಲ್ಲ. ಹಾಫ್ ಮೂನ್ ಇನ್ನೂ ಹಾಗೇ ಉಳಿದಿದ್ದರೆ ಅದು ಅಲ್ಲಿಗೆ ಚಕ್ರ ಹೋಗದ ಪುಣ್ಯ.

ಹಾಗಾದರೆ ಇನ್ನೊಂದು ರಸ್ತೆ ಕಡಿದರೆ ಏನಾದೀತು? ಪ್ರವಾಸ ಬೆಳೆಯಲಿ, ವ್ಯಾಪಾರ ಬೆಳೆಯಲಿ ಅನ್ನೋರು ಇದ್ದಾರೆ. ಅವರು ಒಮ್ಮೆ ಶಿರೂರಿನ ಕಡೆ ತಿರುಗಿ ನೋಡಲಿ. ಗೋಕರ್ಣದ ಬಡಗು ಬದಿಯಲ್ಲಿ ಕಡಲು ಸೇರುವ ಅದೇ ಗಂಗಾವಳಿಯ ದಂಡೆ. 2024ರ ಜುಲೈ 16ರ ಬೆಳಿಗ್ಗೆ ರಸ್ತೆಗಾಗಿ ಬುಡ ಕಡಿದಿದ್ದ ಗುಡ್ಡ ಜಡಿಮಳೆಗೆ ಕುಸಿಯಿತು. ಹೆದ್ದಾರಿ ಬದಿಯ ಚಹಾ ಅಂಗಡಿ, ನಿಂತಿದ್ದ ಲಾರಿ, ಒಳಗಿದ್ದ ಜೀವಗಳು ಹೊಳೆಯ ಪಾಲಾದವು. ಎದ್ದ ಅಲೆ ಆಚೆ ದಡದ ಉಳುವರೆಯ ಮನೆಗಳನ್ನೂ ಬಡಿಯಿತು. ಒಂದು ಲಾರಿ ಮೇಲೆ ಬಂದದ್ದು ಸೆಪ್ಟೆಂಬರಿನಲ್ಲಿ. ನೀರು ಕುಡಿದು ನಿಂತ ಗುಡ್ಡದ ಬುಡಕ್ಕೆ ಜೆಸಿಬಿ ಹಚ್ಚುವುದೆಂದರೆ ಏನು ಅಂತ ಈ ಜಿಲ್ಲೆಗೆ ಇನ್ನು ಪುಸ್ತಕ ನೋಡಿ ತಿಳಿಯಬೇಕಾಗಿಲ್ಲ. ಕಾಲುದಾರಿ ಗುಡ್ಡವನ್ನು ಕಡಿಯುವುದಿಲ್ಲ, ಅದರ ಮೈಮೇಲೆ ಹರಿದು ಹೋಗುತ್ತದೆ ಅಷ್ಟೇ.

ಕಾನೂನಿಲ್ಲವೇ? ಇದೆಯಲ್ಲ! ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆ ಬಂದದ್ದು 1991ರಲ್ಲಿ. ಭರತದ ಗೆರೆಯಿಂದ 500 ಮೀಟರ್ ಒಳಗೆ ಮನಸ್ಸಿಗೆ ಬಂದಂತೆ ಕಟ್ಟುವ ಹಾಗಿಲ್ಲ. ಹಳ್ಳಿಗಾಡಿನ ದಂಡೆಯಲ್ಲಿ ಮೊದಲ 200 ಮೀಟರ್ ಕಟ್ಟಡವೇ ಕೂಡದು ಎಂದಿತ್ತು. 2019ರ ಹೊಸ ಅಧಿಸೂಚನೆ ಜನ ದಟ್ಟವಾಗಿರುವ ಹಳ್ಳಿಗಳ ಮಟ್ಟಿಗೆ ಆ 200ನ್ನು 50ಕ್ಕೆ ಇಳಿಸಿತು. ಕಾಗದದ ಮೇಲೆ ಗೆರೆ ಸರಿಯುವುದು ಎಷ್ಟು ಸುಲಭ ನೋಡಿ! ಸಮುದ್ರ ಮಾತ್ರ ಅಧಿಸೂಚನೆ ಓದುವುದಿಲ್ಲ.

ಅಂಗಡಿಕಾರರು ಒಂದು ಲೆಕ್ಕ ಹಾಕಿ ನೋಡಬೇಕು. ಕಾರಿನಲ್ಲಿ ಬಂದವರು ನೇರ ರೆಸಾರ್ಟಿನ ಗೇಟಿನೊಳಗೆ ಇಳಿದು, ಉಂಡು, ಅಲ್ಲಿಂದಲೇ ವಾಪಸು. ನಡೆಯುವವನಿಗೆ ಬಾಯಾರುತ್ತದೆ, ಹಸಿವಾಗುತ್ತದೆ, ಚಪ್ಪಲಿ ಕಿತ್ತುಹೋಗುತ್ತದೆ! ಊರಲ್ಲಿ ಎಳನೀರು, ಕುಡ್ಲೆಯಲ್ಲಿ ಚಹಾ, ಓಂನಲ್ಲಿ ಲಿಂಬು ಸೋಡಾ. ಹತ್ತು ಕೈಗೆ ಹತ್ತು ರೂಪಾಯಿ ಹಂಚುತ್ತಾ ಹೋಗುವ ಗಿರಾಕಿ ಅವನು.

ಇದ್ದದ್ದು ಇದ್ದ ಹಾಗೇ ಇರಲಿ ಎಂದರೆ ಬಿದ್ದವರು ಬೀಳಲಿ ಎಂದರ್ಥವಲ್ಲ. ವರ್ಷ ವರ್ಷವೂ ಈ ದಂಡೆಗಳಲ್ಲಿ ಹೊರಗಿನ ಊರಿನ ಮಕ್ಕಳ ಜೀವ ಹೋಗುತ್ತಿದೆ. ಶಾಂತವಾಗಿ ಕಾಣುವ ನೀರಿನ ಅಡಿಯ ಸೆಳವು ಅವರಿಗೆ ಗೊತ್ತಿರುವುದಿಲ್ಲ. ಪಾಚಿ ಕಟ್ಟಿದ ಬಂಡೆಯ ಮೇಲೆ ನಿಂತು ಸೆಲ್ಫಿ ತೆಗೆಯುವ ಉಮೇದು ಬೇರೆ. ಜಾರುವ ಕಡೆ ಕಲ್ಲಿನ ಮೆಟ್ಟಿಲು, ಕವಲೊಡೆಯುವಲ್ಲಿ ಕನ್ನಡದಲ್ಲಿ ಒಂದು ಬಾಣದ ಗುರುತು, ಅಪಾಯದ ತಿರುವಿನಲ್ಲಿ ಹಿಡಿಯಲು ಒಂದು ಸರಪಳಿ, ದಂಡೆಗೆ ಸಾಕಷ್ಟು ಜೀವರಕ್ಷಕರು. ಇದಕ್ಕೆ ಕೋಟಿಗಟ್ಟಲೆ ಯೋಜನೆ ಬೇಡ. ಗ್ರಾನೈಟು ಹಾಸಿ, ಬಣ್ಣದ ದೀಪ ಹಾಕಿ, ಉದ್ಘಾಟನೆಯ ಕಲ್ಲು ನೆಡುವ ಕೆಲಸವಂತೂ ಬೇಡವೇ ಬೇಡ.

ಈ ವಾರ ಹೋಗುವ ಯೋಚನೆಯಿದ್ದವರಿಗೆ ಇಷ್ಟು: ಬಿಸಿಲೇರುವ ಮುಂಚೆ ಹೊರಡಿ. ನೀರು ಕಟ್ಟಿಕೊಳ್ಳಿ, ಖಾಲಿ ಬಾಟ್ಲಿ ವಾಪಸು ತನ್ನಿ. ಪ್ಯಾರಡೈಸಿನಿಂದ ಹಿಂದಕ್ಕೆ ದೋಣಿ ಸಿಕ್ಕೀತು. ದರ ಹತ್ತುವ ಮೊದಲೇ ಮಾತಾಡಿಕೊಳ್ಳಿ. ಮಳೆಗಾಲದಲ್ಲಿ ದೋಣಿಯ ಆಸೆ ಬಿಡಿ, ಜಾರುವ ಬಂಡೆದಾರಿಯ ಆಸೆಯನ್ನೂ ಬಿಡಿ. ಉಳಿದ ದಿನಗಳಲ್ಲಿ ಸೂರ್ಯಾಸ್ತ ನೋಡಲೇಬೇಕು ಅಂತಿದ್ದರೆ ಕುಡ್ಲೆಯಲ್ಲೇ ನೋಡಿ. ಅಲ್ಲಿಂದ ಊರಿಗೆ ಅರ್ಧ ಗಂಟೆ, ಕೈಯಲ್ಲಿ ಒಂದು ಟಾರ್ಚಿದ್ದರೆ ಸಾಕು.