ಹಗೇವಿನ ರಾಗಿ, ಹಿತ್ತಿಲ ಬೀಜ

ಕನಕದಾಸರ ‘ರಾಮಧಾನ್ಯಚರಿತೆ’ಯನ್ನು ಓದಿದವರು ಅಲ್ಲಿಯ ವ್ಯಾಜ್ಯವನ್ನು ಮರೆಯಲಾರರು. ನರೆದಲೆಗ ಮತ್ತು ವ್ರೀಹಿ, ಎಂದರೆ ರಾಗಿ ಮತ್ತು ಭತ್ತ, ತಾನು ಮೇಲು ತಾನು ಮೇಲೆಂದು ಜಗಳಕ್ಕೆ ನಿಂತಾಗ ಶ್ರೀರಾಮನು ಎರಡನ್ನೂ ಆರು ತಿಂಗಳು ಸೆರೆಯಲ್ಲಿಡಿಸುತ್ತಾನೆ. ಹೊರಬಂದಾಗ ಭತ್ತ ಸೊರಗಿರುತ್ತದೆ, ರಾಗಿ ಗಟ್ಟಿಮುಟ್ಟಾಗಿರುತ್ತದೆ. ಬರಿಯ ಕವಿಕಲ್ಪನೆಯೆಂದು ಇದನ್ನು ತಳ್ಳಿಹಾಕುವಂತಿಲ್ಲ. ನಮ್ಮ ಬಯಲುಸೀಮೆಯ ಒಕ್ಕಲುಮನೆಗಳಲ್ಲಿ ಅಂಥದೇ ಒಂದು ಸೆರೆಮನೆಯಿತ್ತು. ಅದರ ಹೆಸರು ಹಗೇವು.

ಗಟ್ಟಿ ನೆಲದಲ್ಲಿ ಹೂಜಿಯ ಆಕಾರದಲ್ಲಿ ತೋಡಿದ ಗುಳಿಯದು. ಬಾಯಿ ಕಿರಿದು, ಒಡಲು ಅಗಲ. ರಾಗಿ ತುಂಬಿ, ಬಾಯಿಗೆ ಚಪ್ಪಡಿಯಿಟ್ಟು ಮಣ್ಣು ಮೆತ್ತಿದರೆ ಒಳಗಿನ ಪ್ರಾಣವಾಯು ಕ್ರಮೇಣ ಕುಗ್ಗಿ ಹುಳುಹುಪ್ಪಟೆ ಬದುಕಲಾರದು. ಹಗೇವನ್ನು ತೆರೆದೊಡನೆ ಇಳಿಯಬಾರದು, ಮೊದಲು ದೀಪ ಇಳಿಬಿಟ್ಟು ನೋಡಬೇಕೆಂಬ ಹಿರಿಯರ ಎಚ್ಚರಿಕೆಗೂ ಇದೇ ಕಾರಣ. ಸುಗ್ಗಿ ಚೆನ್ನಾದ ವರ್ಷದ ಕಾಳು ಮಳೆಯಿಲ್ಲದ ವರ್ಷಕ್ಕೆ ಒದಗುತ್ತಿದ್ದುದು ಹೀಗೆ. ಆದರೆ ಹಗೇವು ಕಾಯುವುದು ಉಣ್ಣುವ ಕಾಳನ್ನು. ಕಾಳಿನ ಮೊಳೆಯುವ ಶಕ್ತಿ ವರ್ಷ ಕಳೆದಂತೆ ಕುಂದುತ್ತದೆ. ಮನೆಯ ಮಟ್ಟಿಗೆ ಬೀಜವನ್ನು ಉಳಿಸಲು ಇರುವುದು ಒಂದೇ ದಾರಿ: ಬಿತ್ತುವುದು, ಕೊಯ್ಯುವುದು, ಮತ್ತೆ ಬಿತ್ತುವುದು. ಊರಿನಲ್ಲಿ ಮನೆ ಮಾಡಿಕೊಂಡ ನಮಗೂ ಇಲ್ಲಿ ಒಂದು ಕೆಲಸವಿದೆಯೆಂದು ನನಗೆ ತೋರುತ್ತದೆ.

ಕೊಳ್ಳೇಗಾಲವು 1956ರವರೆಗೆ ಮದರಾಸಿನ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ಹನೂರು ಆಗ ಅದರೊಳಗಿನ ಊರು. ನೆರೆಯ ಯಳಂದೂರು ಮೈಸೂರು ಸಂಸ್ಥಾನಕ್ಕೆ ಸೇರಿತ್ತು. ಸರ್ಕಾರಗಳು ಬೇರೆಯಾದರೂ ಮಳೆಯಾಧಾರದ ಹೊಲದ ರೀತಿ ಒಂದೇ. ರಾಗಿಯ ಕೆಲವು ಸಾಲುಗಳಿಗೊಂದು ಅಕ್ಕಡಿ ಸಾಲು: ಅವರೆ, ತೊಗರಿ, ಜೋಳ, ಹುಚ್ಚೆಳ್ಳು, ಅಂಚಿನಲ್ಲಿ ಹರಳು. ರಾಗಿಗೆ ಮಳೆ ತಪ್ಪಿದರೆ, ಆಳಕ್ಕೆ ಬೇರಿಳಿಸಿದ ತೊಗರಿ ಹಿಂಗಾರಿಗೆ ಚೇತರಿಸಿಕೊಳ್ಳುತ್ತದೆ. ದ್ವಿದಳದ ಬೇರಿನ ಗಂಟುಗಳು ನೆಲಕ್ಕೆ ಸಾರಜನಕ ಕೊಡುತ್ತವೆ. ಹುಚ್ಚೆಳ್ಳಿನ ಹಳದಿ ಹೂವಿಗೆ ಜೇನು ಬರುತ್ತದೆ. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ರಾಗಿಯೊಡನೆ ಸಾಸಿವೆ, ದಂಟು, ಕುಂಬಳ, ಅವರೆಗಳನ್ನು ಬೆರೆಸಿ ಬೆಳೆಯುತ್ತಿದ್ದರು. ಹೊಸ ರಾಗಿ ಬಂದಾಗ ರೊಟ್ಟಿ ಹಬ್ಬ ಮಾಡುವುದು ಅವರ ಸಂಪ್ರದಾಯ. 1974ರಲ್ಲಿ ಆ ಕಾಡು ವನ್ಯಧಾಮವಾದ ಮೇಲೆ ಅವರ ಕುಮರಿ ಬೇಸಾಯ ನಿಂತಿತು. ಹೊಲದೊಡನೆ ಎಷ್ಟು ಬಗೆಯ ಬೀಜ ಹೋಯಿತೆಂದು ಲೆಕ್ಕವಿಟ್ಟವರು ಯಾರು?

ಹೊಸ ತಳಿಗಳನ್ನು ಹಳಿಯುವುದು ನನ್ನ ಉದ್ದೇಶವಲ್ಲ. ಮಂಡ್ಯದ ವಿ.ಸಿ. ಫಾರಂನಲ್ಲಿ ‘ರಾಗಿ ಲಕ್ಷ್ಮಣಯ್ಯ’ನವರು ನಮ್ಮ ರಾಗಿಗೂ ಆಫ್ರಿಕದ ರಾಗಿಗೂ ಸಂಕರ ಮಾಡಿ ಇಂಡಾಫ್ ತಳಿಗಳನ್ನು ಕೊಟ್ಟದ್ದರಿಂದ ಬಡವನ ಕಣ ತುಂಬಿತು. ಆದರೆ ಆ ಸಂಕರಕ್ಕೆ ತಂದೆತಾಯಿಗಳಾದದ್ದು ಯಾರೋ ಬಿಡದೆ ಬಿತ್ತಿಕೊಂಡು ಬಂದ ಹಳೆಯ ತಳಿಗಳೇ.

ಹಿತ್ತಿಲಲ್ಲಿ ನಾಲ್ಕು ಮೊಳ ನೆಲವಿದ್ದರೆ, ಅದೂ ಇಲ್ಲದಿದ್ದರೆ ತಾರಸಿಯ ಮೇಲೆ ನಾಲ್ಕು ಕುಂಡಗಳಿದ್ದರೆ, ಅಕ್ಕಡಿಯ ಒಂದು ಪುಟ್ಟ ಮಾದರಿ ಸಾಧ್ಯ. ವರ್ಷದ ಮುದ್ದೆಗೆ ಅದು ಸಾಲದು, ಬೀಜಕ್ಕೆ ಸಾಕು. ರಾಗಿಯ ಹೂವು ಬಹುಮಟ್ಟಿಗೆ ತನ್ನ ಪರಾಗದಿಂದಲೇ ಕಾಯಿಕಟ್ಟುವುದರಿಂದ ಕೆಲವೇ ಗಿಡಗಳಿದ್ದರೂ ತಳಿ ಸುಲಭವಾಗಿ ಕೆಡುವುದಿಲ್ಲ. ಪರಿಚಯದ ರೈತರಿಂದ ಹಿಡಿ ಬೀಜ ಬೇಡಿ ತನ್ನಿ. ಅಂಗಡಿಯ ತಿನ್ನುವ ರಾಗಿಯಲ್ಲಿ ಯಾವ ತಳಿ ಎಷ್ಟು ಬೆರೆತಿದೆಯೋ ತಿಳಿಯದು. ಆಷಾಢದಲ್ಲಿ ಒಟ್ಟಲು ಹಾಕಿ, ಮೂರು ವಾರದ ಪೈರನ್ನು ಗೇಣಗಲಕ್ಕೆ ನೆಡಬಹುದು. ಅಂಚಿಗೆ ಅವರೆ, ಮೂಲೆಗೆ ಒಂದೆರಡು ಹುಚ್ಚೆಳ್ಳು. ನೀರು ನಿಲ್ಲಬಾರದು. ತೆನೆ ಬಲಿಯುವಾಗ ಗುಬ್ಬಿಗಳು ಬಂದರೆ ಹಳೆಯ ಸೀರೆಯ ತುಂಡು ಹೊದಿಸಿ. ಬಾರದಿದ್ದರೆ ಗುಬ್ಬಿಗಳ ಬಗ್ಗೆ ಯೋಚಿಸಿ.

ಕಣದಲ್ಲಿ ರಾಶಿ ಅಳೆಯುವಾಗ ನಮ್ಮವರು ‘ಒಂದು’ ಎನ್ನದೆ ‘ಲಾಭ’ ಎಂದು ಎಣಿಕೆ ಆರಂಭಿಸುತ್ತಿದ್ದರು. ತಾರಸಿಯ ಬೆಳೆಯನ್ನು ಅಳೆಯಲು ಬೊಗಸೆಯೇ ಸಾಕು, ಆದರೂ ಆ ಮಾತನ್ನು ಆಡಬಹುದು. ಒಕ್ಕುವ ಮುನ್ನ ತುಂಬಿದ ತೆನೆಗಳನ್ನು ಬೇರೆ ತೆಗೆದಿಡಿ. ಚೆನ್ನಾಗಿ ಒಣಗಿಸಿ, ಉಜ್ಜಿ, ಬೂದಿ ಬೆರೆಸಿ ಮಡಕೆಯಲ್ಲಿಟ್ಟು, ತಳಿಯ ಹೆಸರನ್ನೂ ಕೊಟ್ಟವರ ಊರನ್ನೂ ಚೀಟಿಯಲ್ಲಿ ಬರೆಯಿರಿ. ಅರ್ಧವನ್ನು ಮುಂದಿನ ಆಷಾಢಕ್ಕೆ ಇಟ್ಟುಕೊಂಡು ಉಳಿದರ್ಧವನ್ನು ನೆರೆಮನೆಗೆ ಕೊಡಿ. ನಿಮ್ಮ ಕುಂಡ ಒಣಗಿದ ವರ್ಷ ಅಲ್ಲಿಂದ ಮರಳಿ ತರಬಹುದು.