ಇಂಟರ್‌ವಲ್ ಮುಗಿದರೂ ಏಳದ ಹೀರೋ!

ಹೊಡೆದಾಟದಲ್ಲಿ ಹೀರೋ ಬಿದ್ದರೆ ಅದಕ್ಕೊಂದು ಅರ್ಥವಿದೆ. ಹತ್ತು ಜನ ಖಳರು, ಇವನೊಬ್ಬ... ಬೀಳಲಿ ಬಿಡಿ! ಆದರೆ ಹಾಡು, ಕುಣಿತ, ಫೈಟು ಎಲ್ಲ ಸಲೀಸಾಗಿ ಮುಗಿಸಿ, ಆರಾಮಾಗಿ ಮಂಚದ ಮೇಲೆ ಒರಗಿದ ಹೀರೋ ಒರಗಿದಲ್ಲೇ ಕಲ್ಲಾಗಿಬಿಟ್ಟರೆ?

ನಮ್ಮ ಮನೆಯ ಸಿನಿಮಾ ಕಂಪ್ಯೂಟರ್‌ಗೆ ಬಡಿದದ್ದು ಇದೇ ರೋಗ!

ಟಿವಿ ಪಕ್ಕದಲ್ಲಿ ಕೂರಿಸಿ, ಎಚ್‌ಡಿಎಂಐ ತಂತಿ ಸಿಕ್ಕಿಸಿ, ಹೊಟ್ಟೆ ತುಂಬ ಹಳೇ ಚಿತ್ರಗಳನ್ನು ತುಂಬಿಟ್ಟ ಪೆಟ್ಟಿಗೆ ಅದು. ಬಲ್ಲವರು ಹೋಂ ಥಿಯೇಟರ್ ಪಿ.ಸಿ. ಅಂತಾರೆ. ನಾನು 2014ರಲ್ಲಿ ಕೈಯಾರೆ ಜೋಡಿಸಿದ್ದು. ಅದರ ಮುಖ್ಯ ಪ್ರೇಕ್ಷಕರು ನಮ್ಮ ಮಾವನವರು. ಟೂರಿಂಗ್ ಟಾಕೀಸಿನಲ್ಲಿ ಪ್ರೊಜೆಕ್ಟರ್ ಓಡಿಸಿದ ಕೈ ಅವರದು. ಮಧ್ಯಾಹ್ನ ಊಟವಾದ ಮೇಲೆ ‘ಬಂಗಾರದ ಮನುಷ್ಯ’ ಹಾಕಿಕೊಳ್ಳೋದು, ಅರ್ಧಕ್ಕೆ ನಿಲ್ಲಿಸಿ ಒಂದು ಗಳಿಗೆ ಕಣ್ಣು ಮುಚ್ಚೋದು, ಎದ್ದು ಕಾಫಿ ಕುಡಿದು ಮಿಕ್ಕಿದ್ದು ನೋಡೋದು. ಅವರದೇ ಇಂಟರ್‌ವಲ್ಲು!

ಒಂದು ದಿನ ಎದ್ದು ರಿಮೋಟ್ ಒತ್ತಿದರು. ಚಿತ್ರ ಅಲುಗಲಿಲ್ಲ. ಮಾರನೆ ದಿನವೂ ಅದೇ ಕಥೆ.

ಇಲ್ಲೊಂದು ವಿಷಯ ಹೇಳಲೇಬೇಕು. ಹಳೇ ಪ್ರೊಜೆಕ್ಟರ್ ಆಪರೇಟರಿಗೆ ನಿಂತ ಚಿತ್ರ ಅಂದರೆ ಎದೆ ಝಲ್ ಅನ್ನುತ್ತೆ. ಆರ್ಕ್ ಲೈಟಿನ ಝಳದ ಮುಂದೆ ರೀಲು ಗೇಟಿನಲ್ಲಿ ಸಿಕ್ಕಿಕೊಂಡರೆ ಕಣ್ಣೆದುರೇ ಸುಟ್ಟುಹೋಗುತ್ತಿತ್ತಲ್ಲ! ಆ ಅಭ್ಯಾಸ ಬಿಟ್ಟೀತೆ? ಮಾವನವರು ಓಡಿ ಹೋಗಿ ಗೋಡೆಯ ಸ್ವಿಚ್ಚನ್ನೇ ಆರಿಸಿಬಿಡುತ್ತಿದ್ದರು. ನಾಲ್ಕಾರು ಸಲ ಹೀಗಾದ ಮೇಲೆ ಒಂದು ಸಂಜೆ ಮೆಲ್ಲಗೆ ಕೇಳಿದರು: “ಅಳಿಯಂದ್ರೇ, ನಾನು ಮುಟ್ಟಿದ್ದಕ್ಕೇ ಕೆಟ್ಟೋಯ್ತೇನ್ರೀ?”

ಆಮೇಲೆ ಅವರು ಆ ಕಡೆ ತಿರುಗಿ ನೋಡಲೇ ಇಲ್ಲ. ಮಧ್ಯಾಹ್ನ ಸುಮ್ಮನೆ ಜಗಲಿ ಮೇಲೆ ಕೂರೋದು.

ನನಗೆ ಇನ್ನೊಂದು ದಿಗಿಲು. ಅದೇ ಹಾರ್ಡ್ ಡಿಸ್ಕಿನಲ್ಲಿ ನಮ್ಮ ಮದುವೆಯ ವಿಸಿಆರ್ ಟೇಪಿನ ನಕಲಿತ್ತು. ತೀರಿಹೋದ ನಮ್ಮ ಅತ್ತೆ ನಡೆದಾಡಿ, ನಕ್ಕು ಮಾತಾಡುವುದು ಉಳಿದಿರುವುದು ಅದೊಂದರಲ್ಲೇ! ಬರೆಯುತ್ತಿರುವ ಡಿಸ್ಕಿಗೆ ದಿಢೀರನೆ ಕರೆಂಟು ತಪ್ಪಿಸಿದರೆ ಫೈಲು ಕೆಡುವ ಅಪಾಯ ಇದ್ದೇ ಇದೆ. ರಿಪೇರಿ ಅಂಗಡಿಯಲ್ಲಿ ಕೇಳಿದೆ. “ಫಾರ್ಮ್ಯಾಟ್ ಹೊಡೆದುಬಿಡೋಣ ಸಾರ್” ಅಂದ! ಪೆಟ್ಟಿಗೆ ಕಂಕುಳಲ್ಲಿಟ್ಟುಕೊಂಡು ವಾಪಸ್ ಬಂದೆ. ಮೊದಲು ಆ ಟೇಪನ್ನು ಬೇರೆ ಡಿಸ್ಕಿಗೆ ಇಳಿಸಿದೆ. ನಿಮ್ಮ ಮನೆಯಲ್ಲೂ ಇಂಥ ಪೆಟ್ಟಿಗೆ ಹಟ ಹಿಡಿದಿದ್ದರೆ, ಸ್ಕ್ರೂಡ್ರೈವರ್ ಹುಡುಕುವ ಮೊದಲು ಈ ಕೆಲಸ ಮಾಡಿ ಮಾರಾಯ್ರೇ.

ಪತ್ತೇದಾರಿ ಶುರು!

ಮೊದಲ ಪ್ರಶ್ನೆ: ಮಲಗಿರೋದು ಟಿವಿಯೋ, ಪೆಟ್ಟಿಗೆಯೋ? ಎಷ್ಟೋ ಸಲ ಪೆಟ್ಟಿಗೆ ಎಚ್ಚರವಾಗೇ ಇರುತ್ತೆ, ಟಿವಿಗೂ ಅದಕ್ಕೂ ಎಚ್‌ಡಿಎಂಐ ಸಂಬಂಧ ಮಾತ್ರ ಕಡಿದಿರುತ್ತೆ. ಕೀಬೋರ್ಡಿನ ಕ್ಯಾಪ್ಸ್ ಲಾಕ್ ಒತ್ತಿ ನೋಡಿ. ದೀಪ ಹತ್ತಿ ಆರಿದರೆ ಜೀವ ಇದೆ. ತಂತಿ ಬಿಚ್ಚಿ ಹಾಕಿ, ಟಿವಿ ಆರಿಸಿ ಹಚ್ಚಿ. ನನ್ನಲ್ಲಿ ದೀಪ ಮಿಸುಕಲಿಲ್ಲ. ವೈಫೈ ಮೇಲೆ ಮೊಬೈಲಿನಿಂದ ಪಿಂಗ್ ಕಳಿಸಿದೆ, ಓಗೊಡಲಿಲ್ಲ. ಪೂರಾ ಮೂರ್ಛೆ!

ವಿಂಡೋಸಿನ ಈವೆಂಟ್ ವ್ಯೂವರ್ ತೆರೆದರೆ ‘ಕರ್ನಲ್ ಪವರ್ 41’ ಅಂತ ಸಾಲುಸಾಲು. ಅದನ್ನು ನೋಡಿ ಗಾಬರಿ ಬೇಡ. ಯಂತ್ರ ಸರಿಯಾಗಿ ಶಟ್‌ಡೌನ್ ಆಗದೆ ಮತ್ತೆ ಎದ್ದಿತು ಅಂತಷ್ಟೇ ಅದರ ಹೇಳಿಕೆ. ಎಲ್ಲ ಮುಗಿದ ಮೇಲೆ ಜೀಪಿನಲ್ಲಿ ಬಂದಿಳಿಯುವ ಪೊಲೀಸಿನ ಹಾಗೆ, ಕೊಲೆಗಾರ ಯಾರು ಅನ್ನೋದು ಅದಕ್ಕೂ ಗೊತ್ತಿಲ್ಲ!

ಬಿಸಿಯೇ? ಮೂರು ಗಂಟೆ ಚಿತ್ರ ಓಡಿದರೂ ನಿಲ್ಲದ್ದು, ತಣ್ಣಗೆ ಕೂತಾಗ ಬಿಸಿಯಿಂದ ನಿಂತೀತೆ? ಸ್ಲೀಪ್ ‘ನೆವರ್’ ಮಾಡಿದೆ. ಹಾರ್ಡ್ ಡಿಸ್ಕ್ ಇಪ್ಪತ್ತು ನಿಮಿಷಕ್ಕೆ ತಾನಾಗಿ ನಿಲ್ಲುವುದನ್ನು ತಪ್ಪಿಸಿದೆ. ಪವರ್ ಪ್ಲಾನಿನಲ್ಲಿ ಪಿಸಿಐ ಎಕ್ಸ್‌ಪ್ರೆಸ್ ಅಂತ ಒಂದಿದೆ, ಅದರ ಉಳಿತಾಯವನ್ನೂ ಆಫ್ ಮಾಡಿದೆ. ಒಂದು ದಿನಕ್ಕೆ ಒಂದೇ ಬದಲಾವಣೆ. ಎಲ್ಲ ಒಟ್ಟಿಗೆ ತಿರುವಿದರೆ ಯಾವುದರಿಂದ ವಾಸಿಯಾಯ್ತು ಅಂತ ಗೊತ್ತಾಗಬೇಕಲ್ಲ? ಉಹೂಂ, ರೋಗ ಜಗ್ಗಲಿಲ್ಲ.

ರ‍್ಯಾಮ್ ಮೇಲೆ ಅನುಮಾನ ಬಂದು ರಾತ್ರಿಯಿಡೀ ಮೆಮ್‌ಟೆಸ್ಟ್ ಓಡಿಸಿದೆ. ಒಂದೂ ತಪ್ಪಿಲ್ಲ, ನಿಲ್ಲಲೂ ಇಲ್ಲ! ಬೆಳಗ್ಗೆ ಹಲ್ಲುಜ್ಜುವಾಗ ಹೊಳೆಯಿತು. ಪರೀಕ್ಷೆ ಮಾಡುವಾಗ ಪ್ರೊಸೆಸರ್‌ಗೆ ಬಿಡುವೇ ಇಲ್ಲವಲ್ಲ! ಮಾರನೆ ರಾತ್ರಿ ಸದ್ದು ಅಡಗಿಸಿ ಒಂದು ಚಿತ್ರವನ್ನು ತಿರುತಿರುಗಿ ಓಡಲು ಬಿಟ್ಟೆ. ಬೆಳಗ್ಗೆಯೂ ಓಡುತ್ತಲೇ ಇತ್ತು. ಅದರ ಮರುರಾತ್ರಿ ಸುಮ್ಮನೆ ಬಿಟ್ಟೆ. ಕಲ್ಲು!

ಅಂದರೆ ಕೆಲಸದಲ್ಲಿ ಗಟ್ಟಿ, ಬಿಡುವಿನಲ್ಲಿ ಸಾವು. ಖಳನಾಯಕ ಇರೋದು ನಿದ್ದೆಯಲ್ಲೇ!

ಕೆಲಸವಿಲ್ಲದಾಗ ಪ್ರೊಸೆಸರ್ ಹಂತಹಂತವಾಗಿ ನಿದ್ದೆಗಿಳಿಯುತ್ತೆ. ಇದಕ್ಕೆ ಸಿ-ಸ್ಟೇಟ್ ಅಂತ ಹೆಸರು. ಸಿ6, ಸಿ7 ಅಂದರೆ ಕುಂಭಕರ್ಣನ ನಿದ್ದೆ. 2013ರಲ್ಲಿ ಬಂದ ಇಂಟೆಲ್‌ನ ಹ್ಯಾಸ್ವೆಲ್ ಪ್ರೊಸೆಸರುಗಳು ಈ ನಿದ್ದೆಯಲ್ಲಿ 12 ವೋಲ್ಟ್ ತಂತಿಯಿಂದ 0.05 ಆಂಪಿಯರಿನಷ್ಟು ಕಡಿಮೆ ಕರೆಂಟು ಎಳೆಯಬಲ್ಲವು. ಹಳೇ ಎಸ್‌ಎಂಪಿಎಸ್‌ಗಳ ಲೆಕ್ಕಾಚಾರವೋ, ಕನಿಷ್ಠ 0.5 ಆಂಪಿಯರಾದರೂ ಎಳೆಯುತ್ತೆ ಅಂತ. ಹತ್ತು ಪಾಲು ವ್ಯತ್ಯಾಸ! ಅಷ್ಟು ಹಗುರಾದ ಹೊರೆಗೆ ಕೆಲವು ಎಸ್‌ಎಂಪಿಎಸ್‌ಗಳ ವೋಲ್ಟೇಜು ಹದ ತಪ್ಪುತ್ತೆ. ಆ ವರ್ಷ ಎಸ್‌ಎಂಪಿಎಸ್ ಕಂಪನಿಗಳು ನಮ್ಮ ಯಾವ ಮಾಲು ಹ್ಯಾಸ್ವೆಲ್‌ಗೆ ಹೊಂದುತ್ತೆ ಅಂತ ಪಟ್ಟಿ ಹೊರಡಿಸಬೇಕಾಯ್ತು. ಎಷ್ಟೋ ಮದರ್‌ಬೋರ್ಡ್‌ಗಳಲ್ಲಿ ಈ ನಿದ್ದೆಯನ್ನು ಮೊದಲೇ ಆಫ್ ಮಾಡಿ ಕಳಿಸಿದರು.

ನನ್ನ ಪೆಟ್ಟಿಗೆಯಲ್ಲೂ ಆಫ್ ಆಗೇ ಇತ್ತು. ಹಾಗಾದರೆ ಆನ್ ಮಾಡಿದ ಖಳ ಯಾರು?

ನಾನೇ ಸ್ವಾಮೀ, ನಾನೇ! ಕರೆಂಟ್ ಬಿಲ್ಲು ನೋಡಿ ಉರಿದು, ಬಯೋಸ್‌ಗೆ ಹೋಗಿ ‘ಉಳಿತಾಯ’ ಅಂತ ಕಂಡದ್ದನ್ನೆಲ್ಲ ಆನ್ ಮಾಡಿ ಮರೆತಿದ್ದೆ. ಜೊತೆಗೆ, ಜೋಡಿಸುವಾಗ ದುಡ್ಡು ಮಿಗಲಿ ಅಂತ 2008ರ ಕಂಪ್ಯೂಟರಿನ ಎಸ್‌ಎಂಪಿಎಸ್ಸನ್ನೇ ತುರುಕಿದ್ದೆ. ಜಿಪುಣತನದ ಡಬಲ್ ರೋಲ್!

ಸಿ6, ಸಿ7 ಎರಡನ್ನೂ ಆಫ್ ಮಾಡಿದೆ. ಮೂರು ರಾತ್ರಿ ಸುಮ್ಮನೆ ಬಿಟ್ಟರೂ ಯಂತ್ರ ಎಚ್ಚರ. ಖಾತ್ರಿಗೆಂದು ಹೊಸ ಎಸ್‌ಎಂಪಿಎಸ್ ಹಾಕಿ ಮತ್ತೆ ಆನ್ ಮಾಡಿದೆ. ಆಗಲೂ ಎಚ್ಚರ. (ಹಳೇದನ್ನು ಬಿಚ್ಚಿ ಒಳಗೇನಿದೆ ನೋಡೋಣ ಅನ್ನೋ ಚಪಲ ಬೇಡ. ಪ್ಲಗ್ ಕಿತ್ತ ಮೇಲೂ ಒಳಗಿನ ಕೆಪಾಸಿಟರ್ ಹೊಡೆಯುತ್ತೆ.)

ಮಾವನವರಿಗೆ ಹೇಗಪ್ಪಾ ಹೇಳೋದು ಅಂತ ಹೆದರುತ್ತಾ ಹೇಳಿದೆ. ಆಂಪಿಯರ್ ಅಂದದ್ದೇ ತಡ, ಅವರ ಕಣ್ಣರಳಿತು.

“ಓ, ಕಾರ್ಬನ್ ಕಡ್ಡಿ ಕಥೆ! ಎರಡು ಕಡ್ಡಿ ನಡುವೆ ಸಂದು ಜಾಸ್ತಿಯಾದ್ರೆ ಕರೆಂಟು ಹರೀದೆ ಆರ್ಕ್ ಆರೋಗ್ತಿತ್ತು. ತಿರುಗಿಸ್ತಾ ತಿರುಗಿಸ್ತಾ ಹತ್ರ ತರ್ಬೇಕಿತ್ತು. ಅಂದ್ರೆ... ನಾನು ಕೆಡಿಸಿದ್ದಲ್ಲ?”

“ಇಲ್ಲ ಮಾವ, ಕೆಡಿಸಿದ್ದು ನಾನು.”

ಅವರು ನಕ್ಕ ನಗು ಅಡುಗೆಮನೆಗೆ ಕೇಳಿಸಿ ನನ್ನವಳು ಸೌಟು ಹಿಡಿದೇ ಓಡಿಬಂದಳು.

ಆವತ್ತು ಮಧ್ಯಾಹ್ನ ಮದುವೆಯ ಟೇಪೇ ಹಾಕಿಸಿಕೊಂಡರು. ಅತ್ತೆ ಆರತಿ ತಟ್ಟೆ ಹಿಡಿದು ಬರುವಲ್ಲಿಗೆ ನಿಲ್ಲಿಸಿ, ಹಾಗೇ ನಿದ್ದೆ ಹೋದರು. ನಾನು ಬಾಗಿಲ ಹತ್ತಿರವೇ ನಿಂತಿದ್ದೆ. ನಾಲ್ಕು ಗಂಟೆಗೆ ಎದ್ದರು. ರಿಮೋಟ್ ಒತ್ತಿದರು. ಅತ್ತೆ ಆರತಿ ಎತ್ತಿದರು.

“ಅಳಿಯಂದ್ರೇ, ಆ ಹಳೇ ಡಬ್ಬಿ ಗುಜರಿಗೆ ಹಾಕ್ಬಿಡಿ” ಅಂದರು ಮಾವ, ಪರದೆಯಿಂದ ಕಣ್ಣು ತೆಗೆಯದೆ. “ಇನ್ನೊಂದಕ್ಕೆ ಜೋಡಿಸೋಕೆ ಹೊರಟೀರಿ ಮತ್ತೆ!”