ಆರಿಸಿದರೂ ಮಿನುಗುವ ದೀಪ

ಪಟ್ಟಂದೂರು ಅಗ್ರಹಾರದ ಹಳೆಯ ಮನೆಯೊಂದರಲ್ಲಿ 60 ವಾಟ್ ಬಲ್ಬು ತೆಗೆದು ಎಲ್‌ಇಡಿ ಹಾಕಿದ ಮೇಲೆ, ಸ್ವಿಚ್ಚು ಆರಿಸಿದರೂ ದೀಪ ಮಂದವಾಗಿ ಮಿನುಗತೊಡಗಿತು. ಬಲ್ಬು ಬದಲಿಸಿದರೂ ಅದೇ ಕಥೆ.

ಪೈಪಿನಲ್ಲಿ ಜೊತೆಯಾಗಿ ಸಾಗುವ ಎರಡು ತಂತಿಗಳು ಸೇರಿ ಒಂದು ಕೆಪಾಸಿಟರ್ ಆಗುತ್ತವೆ. ಮೀಟರಿಗೆ 100 ಪಿಕೋಫ್ಯಾರಡ್ ಎಂದಿಟ್ಟುಕೊಂಡರೆ 10 ಮೀಟರಿಗೆ 1 ನ್ಯಾನೋಫ್ಯಾರಡ್. 230 ವೋಲ್ಟ್, 50 ಹರ್ಟ್ಸ್‌ನಲ್ಲಿ ಇದರ ಮೂಲಕ ಹೆಚ್ಚೆಂದರೆ 72 ಮೈಕ್ರೋಆಂಪಿಯರ್ ಹರಿದೀತು. ಕಾಲು ಆಂಪಿಯರ್ ಬೇಡುವ ಹಳೆಯ ಬಲ್ಬಿಗೆ ಇದು ಲೆಕ್ಕಕ್ಕಿಲ್ಲ; ಎಲ್‌ಇಡಿ ಮಿನುಗಲು ಸಾಕು.

ಇಷ್ಟಕ್ಕೇ ಸಮಾಧಾನಪಡಬಾರದು. ಸ್ವಿಚ್ಚನ್ನು ಫೇಸ್ ಬದಲು ನ್ಯೂಟ್ರಲ್ ತಂತಿಯಲ್ಲಿ ಕೂರಿಸಿದ್ದರೂ ಇದೇ ಲಕ್ಷಣ ಕಾಣುತ್ತದೆ. ಆಗ ದೀಪ ಆರಿದ್ದರೂ ಹೋಲ್ಡರಿನಲ್ಲಿ 230 ವೋಲ್ಟ್ ಇರುತ್ತದೆ; ಬಲ್ಬು ಬದಲಿಸುವವರ ಬೆರಳು ತಗುಲಿದರೆ ಪ್ರಾಣಾಪಾಯ.

ಇವೆರಡನ್ನು ಬೇರ್ಪಡಿಸುವುದು ಹೇಗೆ? ನಿಯಾನ್ ಟೆಸ್ಟರ್ ಎರಡರಲ್ಲೂ ಬೆಳಗಬಹುದು. ಡಿಜಿಟಲ್ ಮಲ್ಟಿಮೀಟರಿನ ರೋಧ ಸಾಮಾನ್ಯವಾಗಿ 10 ಮೆಗಾಓಮ್. ಅದೂ ಹುಸಿ ವೋಲ್ಟೇಜನ್ನು ತೋರಿಸುತ್ತದೆ. (ವೋಲ್ಟ್‌ಮೀಟರಿನ ರೋಧ ಹೆಚ್ಚಿದ್ದಷ್ಟೂ ಒಳ್ಳೆಯದೆಂದು ಪಾಠ ಹೇಳುವ ನಮಗೆ ಇದು ಇರಿಸುಮುರಿಸೇ!) ಸ್ವಿಚ್ಚು ಆರಿಸಿ, ಹೋಲ್ಡರಿನ ಒಂದೊಂದು ಪಿನ್ನಿಗೂ ಖಚಿತವಾದ ನ್ಯೂಟ್ರಲ್‌ಗೂ ನಡುವೆ ಎಲೆಕ್ಟ್ರಿಷಿಯನ್ ತನ್ನ ಟೆಸ್ಟ್ ಲ್ಯಾಂಪ್ ಜೋಡಿಸಿ ನೋಡಬೇಕು. ಹುಸಿ ವೋಲ್ಟೇಜ್ ಒಡನೆ ಕುಸಿಯುತ್ತದೆ. ನಿಜವಾದ ಫೇಸ್ ಲ್ಯಾಂಪನ್ನು ಪೂರ್ತಿ ಬೆಳಗಿಸುತ್ತದೆ. ಈ ಮನೆಯಲ್ಲಿ ಪೂರ್ತಿ ಬೆಳಗಿತು.

ಹುಸಿಯಾಗಿದ್ದರೆ ದೀಪಕ್ಕೆ ಸಮಾಂತರವಾಗಿ 0.1 ಮೈಕ್ರೋಫ್ಯಾರಡ್‌ನ, 275 ವೋಲ್ಟ್ ಎಸಿ ತಡೆಯುವ ಎಕ್ಸ್2 ಕೆಪಾಸಿಟರ್ ಸಾಕು. ವೋಲ್ಟೇಜ್ ಎರಡು-ಮೂರಕ್ಕೆ ಇಳಿಯುತ್ತದೆ. ಸ್ವಿಚ್ಚು ನ್ಯೂಟ್ರಲ್‌ನಲ್ಲಿದ್ದರೆ ಅದೇ ಕೆಪಾಸಿಟರ್ ಮಿನುಗನ್ನು ಅಡಗಿಸಿ ಅಪಾಯವನ್ನು ಹಾಗೇ ಉಳಿಸುತ್ತದೆ. ಅಲ್ಲಿ ಮೇನ್ ಆರಿಸಿ, ಪರವಾನಗಿಯುಳ್ಳ ಎಲೆಕ್ಟ್ರಿಷಿಯನ್ನಿಂದ ಸ್ವಿಚ್ಚನ್ನು ಫೇಸ್‌ಗೆ ವರ್ಗಾಯಿಸಬೇಕು. ಹಳೆಯ ಮನೆಯಲ್ಲಿ ತಂತಿಯ ಬಣ್ಣವನ್ನು ನಂಬುವಂತಿಲ್ಲ.